ಕತ್ತಿನ ಮೇಲೆ ಎರಡು ಬೆರಳು

ಫ್ರೆಂಡ್ಸ್, ಇವತ್ತು ಬೆಳಿಗ್ಗೆ ಚನ್ನರಾಯಪಟ್ಟಣದ ಕಾಲೇಜು ಗ್ರೌಂಡಿನಲ್ಲಿ ನಾಲ್ಕು ಜನ ಹೆಂಗಸರು ಸೇರಿ ನನಗೆ ಹಾರ್ಟ್ ಅಟ್ಯಾಕ್ ಬರಿಸಿಬಿಟ್ಟರು!

ದಿನಾ ಪಕ್ಕದ ಮನೆ ಸಾವಿತ್ರಮ್ಮನ ಜೊತೆ ವಾಕಿಂಗ್, ಸಾರು-ಪಲ್ಯದ ಮಾತು. ಇವತ್ತು ಯಾಕೋ ಮನಸ್ಸು ತಡೀಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಒಂದು ರೌಂಡ್ ಓಡೇಬಿಟ್ಟೆ. ನಿಂತವಳೇ ಕತ್ತಿಗೆ ಎರಡು ಬೆರಳು ಒತ್ತಿ, ವಾಚ್ ನೋಡ್ತಾ ನಾಡಿ ಎಣಿಸೋಕೆ ಶುರು ಮಾಡಿದೆ. ಬಾಗೂರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಕಲಿಸಿದ್ದು. "ಎದೆ ಎಷ್ಟು ಜೋರಾಗಿ ಹೊಡೀತು ಅಂತಲ್ಲ ಕಣಮ್ಮಿ, ಎಷ್ಟು ಬೇಗ ತಣ್ಣಗಾಯ್ತು ಅಂತ ನೋಡು" ಅನ್ನೋರು. ಆಗ ಎರಡು ನಿಮಿಷ ಸಾಕಿತ್ತು. ಇವತ್ತು ಐದು ನಿಮಿಷ ಆದರೂ ಡವಡವ.

ಅಷ್ಟರಲ್ಲಿ ಸಾವಿತ್ರಮ್ಮ, "ಅಯ್ಯೋ ಬನ್ರೇ, ಇವ್ಳಿಗೇನೋ ಆಗೋಯ್ತು!" ಅಂತ ಕೂಗಿಕೊಂಡ್ರು. ವಾಕಿಂಗಿಗೆ ಬಂದಿದ್ದ ಇನ್ನೂ ಮೂವರು ಓಡಿ ಬಂದ್ರು. ಎಲ್ಲ ಸೇರಿ ಹಿಡಿದು ಕೂರಿಸಿ, ಸೆರಗಲ್ಲಿ ಗಾಳಿ ಬೀಸಿ, ನೆತ್ತಿಗೆ ನೀರು ತಟ್ಟಿದ್ರು.

"ನಾಡಿ ಎಣಿಸ್ತಿದ್ದೆ ಕಣ್ರೀ" ಅಂದೆ.

"ಮಾತಾಡ್ಬೇಡ, ಸುಸ್ತಾಯ್ತದೆ" ಅಂದ್ರು.

"ಓಟದಲ್ಲಿ ಜಿಲ್ಲೆಗೇ ಫಸ್ಟ್ ಬಂದಿದ್ದೆ ರೀ!"

"ಪಾಪ, ಏನೇನೋ ಬಡಬಡಿಸ್ತಾವ್ಳೆ" ಅಂದ್ರು ಸಾವಿತ್ರಮ್ಮ.

ಈಗ ಸಂಜೆ. ಮೀನಖಂಡ ಹಿಡ್ಕೊಂಡು ಮೆಟ್ಟಿಲು ಹತ್ತೋಕಾಗ್ತಿಲ್ಲ. ಓಟ ಬಿಟ್ಟ ಮೇಲೆ ಹದಿನೆಂಟು ವರ್ಷ ಈ ನೋವು ನನ್ನ ಕಾಲಿನ ಕಡೆ ತಲೆ ಹಾಕಿರಲಿಲ್ಲ. ಅತ್ತೆ ಹರಳೆಣ್ಣೆ ಬಿಸಿ ಮಾಡ್ಕೊಂಡು ಬಂದ್ರು. "ಕಾಲು ನೀಡು, ತಿಕ್ತೀನಿ. ಬೆಳಿಗ್ಗೆ ಹೊತ್ಗೆ ಹೋಗ್ಬುಡ್ತದೆ."

"ಬೇಡ ಅತ್ತೆ" ಅಂದೆ. "ಅಪರೂಪಕ್ಕೆ ಬಂದಿದೆ. ಎರಡು ದಿನ ಇದ್ದು ಹೋಗ್ಲಿ."