ಕತ್ತರಿ ಬಿದ್ದ ನಾಮಪತ್ರ

ಮತದಾನ ಪ್ರಜೆಯ ಪವಿತ್ರ ಹಕ್ಕು. ಅದನ್ನು ಬಳಸುವ ಕಷ್ಟ ನಮಗೆ ಬೇಡವೆಂಬ ಕರುಣೆಯಿಂದ ನಮ್ಮೂರ ದೊಡ್ಡಮನೆಯ ಯಜಮಾನರು ಪ್ರತಿ ಸಲವೂ ಪಂಚಾಯಿತಿಗೆ ಅವಿರೋಧವಾಗಿಯೇ ಆಯ್ಕೆಯಾಗುತ್ತಿದ್ದರು.

ಪಕ್ಕದ ಮನೆಯ ಟೈಲರಮ್ಮ ರವಿಕೆ ಹೊಲಿಯುತ್ತಿದ್ದರು. ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಅವರ ಮಾತು ಚಿಕ್ಕದು. ತೋಳು ಉದ್ದ ಮಾಡಿ, ಕುತ್ತಿಗೆ ಇಳಿಸಿ ಎಂದು ತಡವಾಗಿ ಬಂದವರಿಗೆಲ್ಲ ಒಂದೇ ಉತ್ತರ: "ಕತ್ರಿ ಬಿದ್ಮೇಲೆ ಮುಗೀತು ಕಣವ್ವ."

ರಾಮನಗರ ಜಿಲ್ಲೆಯಾಗಿ, ಹೊಸ ಜಿಲ್ಲಾ ಪಂಚಾಯಿತಿಗೆ ಮೊದಲ ಚುನಾವಣೆ ಬಂದಾಗ ಯಜಮಾನರ ಎದುರು ಟೈಲರಮ್ಮ ನಾಮಪತ್ರ ಹಾಕಿಬಿಟ್ಟರು. ವಾಪಸು ಪಡೆಯುವ ಕೊನೆಯ ದಿನ ಯಜಮಾನರೇ ಇವರ ಜಗಲಿಗೆ ಬಂದರು. ಅವರು ನಮ್ಮ ಬೀದಿಗೆ ಕಾಲಿಟ್ಟಿದ್ದು ಅದೇ ಮೊದಲು. ಟೈಲರಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ಹೀಗಾಗಿ ಯಜಮಾನರು ಗೌರವಕ್ಕೆ ಧಕ್ಕೆಯಾದರೂ ಕೂಗಿ ಮಾತಾಡಬೇಕಾಯಿತು.

"ನಿನ್ ಗಂಡನ್ನ ಬಿಡದಿ ಫ್ಯಾಕ್ಟ್ರಿಗೆ ಸೇರ್ಸಿದ್ದು ಯಾರವ್ವ?"

"ನೀವೇ ಬುದ್ಧಿ."

"ಸೇರ್ಸಿದೋನ್ಗೆ ಬುಡ್ಸಾಕೂ ಬತ್ತದೆ."

ಗಂಡ ಕಂಬದ ಹಿಂದಿನಿಂದ, "ಒಸಿ ಯೋಚ್ನೆ ಮಾಡಮ್ಮಿ" ಎಂದ.

ಟೈಲರಮ್ಮ ಮಿಷನ್ ನಿಲ್ಲಿಸಿದರು. ಪಿನ್ನುಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಡಬ್ಬಿಗೆ ಹಾಕಿದರು.

"ಬುಡ್ಸಿ ಬುದ್ಧಿ. ಗುಂಡಿ ಹೊಲಿಯಾಕೆ ನಂಗೂ ಒಬ್ರು ಬೇಕಾಗವ್ರೆ. ನಾಮಪತ್ರ ಮಾತ್ರ ವಾಪಸ್ ಬರಾಕಿಲ್ಲ, ಕತ್ರಿ ಬಿದ್ದಾಯ್ತು."

ಗಂಡನ ಕೆಲಸ ಹೋಯಿತು. ಚುನಾವಣೆಯಲ್ಲಿ ಯಜಮಾನರು ಗೆದ್ದರು. ನಮ್ಮೂರ ಮತಗಟ್ಟೆಯಲ್ಲಿ ಮಾತ್ರ ಸೋತರು.