ಹುಳದ ಮನೆಯ ಹೊರಗೆ ಕೂತ ದಿನಗಳು

ಯೋಗಕ್ಕೆ ಸೇರಿದ್ದು ಒಂದು ಸೋಮವಾರ. ಅಂದಿಗೆ ನನ್ನ ಮದುವೆಯಾಗಿ ಮೂರು ವರ್ಷ ಎರಡು ತಿಂಗಳು. ಉಯ್ಯಂಬಳ್ಳಿ ಕಡೆಯ ನಮ್ಮ ಊರಿನಿಂದ ಬೆಳಗಿನ ಬಸ್ಸು ಹಿಡಿದು ಕನಕಪುರಕ್ಕೆ ಹೋದೆ. ಕಳಿಸಿದ್ದು ನಮ್ಮತ್ತೆ. ಮಕ್ಕಳಾಗದವರಿಗೆಂದೇ ಅಲ್ಲಿ ಯಾರೋ ಹೇಳಿಕೊಡುತ್ತಾರೆ ಎಂದು ಅವರ ತಂಗಿ ಯಾವುದೋ ಮದುವೆಮನೆಯಲ್ಲಿ ಹೇಳಿದ್ದರಂತೆ. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ.

ಅಂಗಡಿಯೊಂದರ ಮೇಲಿನ ಮಹಡಿ. ಏಳು ಜನ ಹೆಂಗಸರು. ಕಲಿಸುವ ಮೇಡಂಗೆ ಐವತ್ತು ದಾಟಿತ್ತು. ಅವರು ನಮ್ಮಿಂದ ಕಷ್ಟದ್ದೇನೂ ಮಾಡಿಸುತ್ತಿರಲಿಲ್ಲ. ಬೆನ್ನ ಕೆಳಗೆ ದಿಂಬಿಟ್ಟುಕೊಂಡು ಅಂಗಾಲುಗಳನ್ನು ಜೋಡಿಸಿ ಮಂಡಿಗಳನ್ನು ಸಡಿಲ ಬಿಡುವುದು, ಗೋಡೆಗೆ ಕಾಲು ಕೊಟ್ಟು ಮಲಗುವುದು, ಉಸಿರನ್ನು ನಿಧಾನಕ್ಕೆ ಬಿಡುವುದು. ಮೊದಲ ದಿನವೇ ಪಕ್ಕದ ಚಾಪೆಯವಳು ಪಿಸುಗುಟ್ಟಿದಳು: "ಗ್ವಾಡೆಗೆ ಕಾಲ್ ಕೊಟ್ರೆ ಮಕ್ಳಾಯ್ತವೆ ಅನ್ನಂಗಿದ್ರೆ ನಮ್ಮನೆ ಹಲ್ಲಿಗಳು ಇಷ್ಟೊತ್ತಿಗೆ ಮೊಮ್ಮಕ್ಕಳು ಕಾಣ್ಬೇಕಿತ್ತು ಕಣಕ್ಕ." ಎಲ್ಲರೂ ನಕ್ಕೆವು. ಮೇಡಂ ಕೂಡ ನಕ್ಕರು. ನಕ್ಕು ಹೇಳಿದರು, "ಆಗಲ್ಲ. ಇದು ಔಷಧಿ ಅಲ್ಲ. ಮೈ ಸಡಿಲ ಆಗುತ್ತೆ, ನಿದ್ದೆ ಬರುತ್ತೆ, ತಲೆ ಒಸಿ ಹಗುರಾಗುತ್ತೆ. ಉಳಿದಿದ್ದಕ್ಕೆ ಡಾಕ್ಟರ್ ಹತ್ರ ಹೋಗ್ಬೇಕು. ಇಬ್ರೂ."

ಕ್ಲಾಸು ಮುಗಿದ ಮೇಲೆ ನನ್ನನ್ನು ಕೇಳಿದರು, "ನೀನು ತೋರಿಸಿದ್ದೀಯಾ?"

"ಮೂರು ಸಲ. ಏನೂ ತೊಂದ್ರೆ ಇಲ್ಲ ಅಂದ್ರು."

"ಯಜಮಾನ್ರು?"

ನಾನು ಚಾಪೆ ಸುತ್ತುತ್ತಾ ಕೂತೆ. ಆ ದಿನದ ಡೈರಿಯಲ್ಲಿ ಬರೆದಿದ್ದೇನೆ: ನಾನು ಮೂರು, ಅವರು ಸೊನ್ನೆ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಮುಟ್ಟಾದ ಹೆಂಗಸು ಹುಳದ ಮನೆಯ ಹೊಸಿಲು ದಾಟುವಂತಿಲ್ಲ, ಹುಳ ಮೇಯುವ ಹಿಪ್ಪುನೇರಳೆ ಸೊಪ್ಪನ್ನೂ ಮುಟ್ಟುವಂತಿಲ್ಲ. ದಾಟಿದರೆ ಹುಳಕ್ಕೆ ರೋಗ ಬೀಳುತ್ತದೆ, ಬೆಳೆ ಹೋಗುತ್ತದೆ ಎನ್ನುತ್ತಾರೆ. ಹಾಗಾಗಿ ನಾನು ಬಸುರಾಗಲಿಲ್ಲ ಎನ್ನುವುದನ್ನು ಯಾರಿಗೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ನಾನು ಜಗುಲಿಯಲ್ಲಿ ಕೂತರೆ ಸಾಕು. ಸೊಪ್ಪು ಕೊಯ್ಯಲು ಬರುವವರು, ಹಾಲು ಹಾಕಲು ಹೋಗುವವರು, ಎಲ್ಲರೂ ನೋಡುತ್ತಿದ್ದರು. "ಈ ಸಲಾನೂ ಆಚೆಗಾ?" ಎಂದು ಒಬ್ಬಳು, "ಇರ್ಲಿ ಬುಡವ್ವ, ಮುಂದಿನ ತಿಂಗ್ಳು" ಎಂದು ಇನ್ನೊಬ್ಬಳು. ಯೋಗಕ್ಕೆ ಹೋಗತೊಡಗಿದ ಹನ್ನೊಂದು ತಿಂಗಳಲ್ಲಿ ಮನೆಯಲ್ಲಿ ಹುಳವಿದ್ದಾಗ ನಾನು ಹಾಗೆ ಹೊರಗೆ ಕೂತದ್ದು ಇಪ್ಪತ್ತಾರು ದಿನ. ಕ್ಲಾಸಿಗೆ ಹೋದದ್ದು ಎಪ್ಪತ್ತೊಂಬತ್ತು ದಿನ.

ಹನ್ನೆರಡನೇ ತಿಂಗಳು ಮುಟ್ಟು ಆರು ದಿನ ತಡವಾಯಿತು. ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುತ್ತಿದ್ದ ವಾರ. ಹೊರಗಿರಬೇಕಾದ ದಿನಗಳಲ್ಲಿ ನಾನು ಒಳಗೆ ಸೊಪ್ಪು ಹಾಕುತ್ತಿದ್ದುದನ್ನು ಅತ್ತೆ ಲೆಕ್ಕ ಹಿಡಿದಿದ್ದರು. ನನ್ನನ್ನು ಒಂದು ಮಾತೂ ಕೇಳದೆ ಕೆಲಸದ ಹೆಂಗಸರಿಗೆ ಸೊಸೆ ಬಸುರಿ ಎಂದು ಹೇಳಿಬಿಟ್ಟರು. ಒಬ್ಬಾಕೆ ಮಡಿಲಲ್ಲಿ ಹುಣಸೆಕಾಯಿ ತಂದು ನನ್ನ ಕೈಗಿಟ್ಟು, "ತಿನ್ನವ್ವ, ಬಾಯಿಗೆ ರುಚಿ ಆಯ್ತದೆ" ಎಂದಳು. ಅವತ್ತು ರಾತ್ರಿ ಅತ್ತೆ ತಾವೇ ನನಗೆ ತಟ್ಟೆ ಇಟ್ಟು ಮುದ್ದೆಗೆ ತುಪ್ಪ ಬಿಟ್ಟರು. ಮದುವೆಯಾದ ಮೇಲೆ ಅದೇ ಮೊದಲು.

ಏಳನೇ ದಿನ ಬೆಳಿಗ್ಗೆ ಹುಳ ಹಣ್ಣಾಗಿತ್ತು. ಹಣ್ಣಾದ ಹುಳ ಕಾಯುವುದಿಲ್ಲ, ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ, ಆ ಬಿದಿರಿನ ತಟ್ಟಿಗೆ, ಬಿಡಲೇಬೇಕು. ಮನೆಮಂದಿಯೆಲ್ಲ ಒಳಗಿದ್ದರು. ನಾನು ಬಚ್ಚಲಿಗೆ ಹೋದೆ. ರಕ್ತ ಕಂಡಿತು. ಒಂದು ಚೆಂಬು ನೀರು ಮುಖಕ್ಕೆ ಹಾಕಿಕೊಂಡು ವಾಪಸ್ಸು ಬಂದು, ಹೊಸಿಲು ದಾಟಿ, ಹುಳ ಆರಿಸಲು ಕೂತೆ. ಹಾಗೆ ಮಾಡಿಸಿದ್ದು ಹೆದರಿಕೆಯೋ ಸಿಟ್ಟೋ ಆಗ ತಿಳಿಯಲಿಲ್ಲ. ಅಂದೂ ಮರುದಿನವೂ ಸೇರಿ ನಾನೊಬ್ಬಳೇ ಮೂವತ್ತೊಂದು ಚಂದ್ರಿಕೆ ತುಂಬಿದೆ. ರೋಗ ಬೀಳಲಿಲ್ಲ. ಗೂಡು ಗಟ್ಟಿಯಾಗಿ ಬಂತು.

ಮುಟ್ಟಾದ ಐದನೇ ದಿನ ಸೊಪ್ಪಿನ ತೋಟದಲ್ಲಿ ಗಂಡನಿಗೆ ಹೇಳಿದೆ. "ಬಸುರು ನಿಂತಿಲ್ಲ ಕಣ್ರೀ. ಹುಳ ಹಣ್ಣಾದ ದಿನಾನೇ ಆಯ್ತು."

ಅವರು ಕೇಳಿದ ಮೊದಲ ಮಾತು, "ಹುಳದ ಮನೆಗೆ ಹೋಗಿದ್ಯಾ?"

"ಹೂಂ."

"ಅವ್ವಂಗೆ ಗೊತ್ತಾದ್ರೆ?"

"ನಾನೇ ಹೇಳ್ತೀನಿ. ಇಲ್ಲಾ ನೀವು ಟೆಸ್ಟಿಗೆ ಬನ್ನಿ. ಎರಡ್ರಲ್ಲಿ ಒಂದು."

"ಏನು, ಹೆದರಿಸ್ತೀಯಾ?"

"ಹೂಂ, ಹೆದರಿಸ್ತೀನಿ."

ಕನಕಪುರದಲ್ಲಿ ಗುರುತಿನವರು ಸಿಗುತ್ತಾರೆಂದು ರಾಮನಗರಕ್ಕೆ ಹೋದೆವು. ಮನೆಯಲ್ಲಿ ಕೆಂಗಲ್ ಆಂಜನೇಯನ ದರ್ಶನಕ್ಕೆ ಎಂದಿದ್ದೆವು, ಅತ್ತೆ ತೆಂಗಿನಕಾಯಿ ಕೊಟ್ಟು ಕಳಿಸಿದ್ದರು. ಲ್ಯಾಬಿನ ಕೆಲಸ ಮುಗಿಸಿ, ಕೆಂಗಲ್‌ಗೆ ಹೋಗಿ ಕಾಯಿ ಒಡೆಸಿ, ಸಂಜೆ ರಿಪೋರ್ಟಿಗೆ ಮರಳಿದೆವು. ಅದನ್ನು ನೋಡಿದ ಡಾಕ್ಟರು ಹೇಳಿದ್ದು ಇಷ್ಟು: ವೀರ್ಯಾಣು ಕಡಿಮೆ ಇವೆ, ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು, ದೊಡ್ಡ ಡಾಕ್ಟರಿಗೆ ತೋರಿಸಿದರೆ ದಾರಿ ಇದೆ, ಇಬ್ಬರೂ ಬನ್ನಿ. ನನ್ನ ಗಂಡ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಬಸ್‌ಸ್ಟಾಂಡಿನಲ್ಲಿ ಹೇಳಿದರು, "ಅವ್ವಂಗೆ ಹೇಳ್ಬೇಡ. ನಾನು ತೋರಿಸ್ತೀನಿ. ಅಲ್ಲಿಗಂಟ ನೀನು ಯೋಗಕ್ಕೆ ಹೋಯ್ತಾ ಇರು." ಅವರ ಮುಖ ನೋಡಿ ಪಾಪ ಅನ್ನಿಸಿತು. ಒಪ್ಪಿದೆ. ಆ ಒಪ್ಪಿಗೆ ನನ್ನದೇ ತಪ್ಪು, ಬೇರೆಯವರ ಮೇಲೆ ಹಾಕುವುದಿಲ್ಲ.

ಮನೆಯಲ್ಲಿ ಅತ್ತೆಗೆ, ತಡವಾಗಿತ್ತು ಅಷ್ಟೇ, ಮತ್ತೆ ಆಯಿತು ಎಂದು ಹೇಳಿದೆ, ಯಾವ ದಿನ ಎಂದು ಹೇಳಲಿಲ್ಲ. ತುಪ್ಪ ನಿಂತಿತು. ಆಮೇಲೆ ಇಪ್ಪತ್ತೆರಡು ಕ್ಲಾಸು. ಅಷ್ಟೂ ಸಲ ಗಂಡನೇ ಬೈಕಿನಲ್ಲಿ ಬಸ್‌ಸ್ಟಾಪಿಗೆ ಬಿಟ್ಟರು. ನಾನು ತಡ ಮಾಡಿದರೆ "ಟೈಮಾಯ್ತು" ಎಂದು ಎಚ್ಚರಿಸುತ್ತಿದ್ದರು. ಅವರ ಕೊರತೆಗೆ ನಾನು ಗೋಡೆಗೆ ಕಾಲು ಕೊಟ್ಟು ಮಲಗುತ್ತಿದ್ದೆ. ನಿದ್ದೆ ಚೆನ್ನಾಗಿ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅವರು ಡಾಕ್ಟರ ಹತ್ತಿರ ಹೋಗಲಿಲ್ಲ.

ಒಂದು ಭಾನುವಾರ ಅಡುಗೆಮನೆಯಲ್ಲಿದ್ದಾಗ ನಡುಮನೆಯ ಮಾತು ಕೇಳಿಸಿತು. ಅತ್ತೆ ಮಗನಿಗೆ ಬಡಿಸುತ್ತಿದ್ದರು.

"ವರ್ಷದ ಮೇಲಾಯ್ತು ಕಣಪ್ಪ. ಅದೇನ್ ಹೊಟ್ಟೆನೋ ಅವಳ್ದು, ಯೋಗಕ್ಕೂ ಬಗ್ತಾ ಇಲ್ಲ."

ಅವರು ಮುದ್ದೆ ನುಂಗಿ ಹೇಳಿದರು, "ಇನ್ನೊಂದು ಆರು ತಿಂಗ್ಳು ನೋಡವ್ವ."

ಮರುದಿನ ನಾನು ಸೀರೆ ಬದಲಿಸಲಿಲ್ಲ. ಅತ್ತೆ ಅಂಗಳದಿಂದ ಕೂಗಿದರು, "ಯಾಕಮ್ಮಿ, ಬಸ್ಸು ಬತ್ತದೆ, ಇನ್ನೂ ಹೊರಟಿಲ್ಲ?"

"ನಾನು ಹೋಗಲ್ಲ ಅತ್ತೆ. ಯಾಕೆ ಅಂತ ನಿಮ್ಮ ಮಗನ್ನ ಕೇಳಿ. ರಾಮನಗರದಲ್ಲಿ ರಿಪೋರ್ಟ್ ಕೊಟ್ಟವ್ರೆ."

ಅವರು ಮಗನತ್ತ ತಿರುಗಿದರು. ನನ್ನ ಗಂಡ ಬೈಕಿನ ಸೀಟು ಒರೆಸುತ್ತಲೇ ಇದ್ದರು. ಅತ್ತೆಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದರು, "ಊರ್ನೋರ್ಗೆ ಯಾರ್ಗಾದ್ರೂ ಗೊತ್ತಾ?"

"ಇಲ್ಲ."

"ಹಂಗಾದ್ರೆ ಬಸ್ ಹತ್ತು. ನೀನು ನಿಂತ್ಬುಟ್ರೆ ಜನ ಕೇಳ್ತಾರೆ."

ಗಂಡ ಬೈಕು ಸ್ಟಾರ್ಟ್ ಮಾಡಿ, ನನ್ನನ್ನು ನೋಡದೆ "ಹತ್ತು" ಎಂದರು.

"ಎಲ್ಲಿಗೆ?"

"ಬಸ್‌ಸ್ಟಾಪಿಗೆ."

"ಡಾಕ್ಟರ್ ಹತ್ರಕ್ಕೆ ಅಂದ್ರೆ ಹತ್ತುತ್ತೀನಿ."

ಬೈಕು ಸ್ವಲ್ಪ ಹೊತ್ತು ಹಾಗೇ ಸದ್ದು ಮಾಡುತ್ತಿತ್ತು. ಆಮೇಲೆ ಗಂಡ ಅದನ್ನು ಆಫ್ ಮಾಡಿ ಒಳಗೆ ಹೋದರು. ಇದಾಗಿ ಇವತ್ತಿಗೆ ಐದು ವಾರ. ಒಟ್ಟಿಗೆ ಕೂತು ಉಣ್ಣುತ್ತೇವೆ, ಸೊಪ್ಪಿನ ಮಾತು, ಕರೆಂಟಿನ ಮಾತು ಆಡುತ್ತೇವೆ. ಅವರು ಡಾಕ್ಟರ ಹೆಸರು ಎತ್ತಿಲ್ಲ. ನಾನು ಬಸ್ಸು ಹತ್ತಿಲ್ಲ.