ಸೀಟು ಸರಿಸಬೇಡಿ

ನನ್ನ ಸೊಸೆ ಕೆಲಸ ಮಾಡುವುದನ್ನು ಮೊದಲ ಸಲ ನೋಡಿದ ದಿನವೇ ನಾನು ಅವಳನ್ನು ಚೆನ್ನಾಗಿ ಬೈದಿದ್ದೆ. ಮನೆ ಮುಂದಿನ ಶೆಡ್ಡಿನಲ್ಲಿ ಕಾರೊಂದು ಬಾಗಿಲು ತೆರೆದುಕೊಂಡು ನಿಂತಿತ್ತು. ಇವಳು ಬ್ಯಾಟರಿಯ ತಂತಿ ಕಳಚಿಟ್ಟು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಕೈಕಟ್ಟಿ ಕೂತಿದ್ದಳು. ಜೀವನವಿಡೀ ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿದವಳು ನಾನು. ಖಾಲಿ ಕೈ ಕಂಡರೆ ನನಗೆ ಮೈ ಉರಿಯುತ್ತದೆ.

"ಗಿರಾಕಿ ಬಂದ್ರೆ ಏನಂದ್ಕೋತಾನೆ? ಗೊಂಬೆ ಥರ ಕೂತಿದ್ದೀಯಲ್ಲ!"

"ಇದೇ ಕೆಲ್ಸ ಅತ್ತೆ," ಅಂದಳು, ಕೂತಲ್ಲಿಂದ ಏಳದೆ. "ಬ್ಯಾಟರಿ ತೆಗೆದ್ರೂ ಏರ್‌ಬ್ಯಾಗಿನ ಡಬ್ಬೀಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತೆ. ಅದು ಇಳಿಯೋ ಮುಂಚೆ ಅವಸರ ಮಾಡಿದ್ರೆ ಮುಖದ ಮೇಲೇ ಸಿಡಿಬಹುದು."

ನಾನು ಎರಡು ಹೆಜ್ಜೆ ಹಿಂದೆ ಸರಿದು ಒಳಗೆ ಹೋದೆ. ಆದರೂ ಕೂತರೂ ಕೆಲಸ ಅನ್ನಿಸಿಕೊಳ್ಳುವ ಇಂಥ ವಿದ್ಯೆ ನನ್ನ ಕಾಲದಲ್ಲಿ ಯಾಕಿರಲಿಲ್ಲ ಎಂದು ಹೊಟ್ಟೆಯೊಳಗೆ ಸ್ವಲ್ಪ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅವಳು ಡಿಪ್ಲೊಮಾ ಓದಿದವಳು. ಮೊದಲು ಊರಿನ ದೊಡ್ಡ ವರ್ಕ್‌ಶಾಪಿನಲ್ಲಿದ್ದಳು. ಅಲ್ಲಿ ಇವಳನ್ನು ಕಾರಿನ ಹತ್ತಿರ ಬಿಡದೆ, ಗಿರಾಕಿಗಳ ಮುಂದೆ ನಗುತ್ತಾ ನಿಲ್ಲುವ ಕೌಂಟರಿಗೆ ಹಾಕಿದರು. ನಗುವುದು ಇವಳ ಕೈಲಿ ಆಗುವ ಕೆಲಸವಲ್ಲ. ಬಿಟ್ಟು ಬಂದು ನಮ್ಮ ಮನೆ ಮುಂದೆ ತಗಡು ಹೊದಿಸಿದಳು. ಎಂಜಿನ್ನು, ಬ್ರೇಕು ಎಂದು ಬಂದವರನ್ನು ಪಕ್ಕದ ಬೀದಿಗೆ ಕಳಿಸುತ್ತಿದ್ದಳು. ಅವಳಿಗೆ ಬೇಕಾದದ್ದು ಎರಡೇ, ಏರ್‌ಬ್ಯಾಗು ಮತ್ತು ಸೀಟ್ ಬೆಲ್ಟು. ಬೀದಿಯವರು "ಬ್ಯಾಗಮ್ಮ" ಎಂದು ಹೆಸರಿಟ್ಟರು.

ಬೇರೇನೂ ಸಿಗಲಿಲ್ಲವೇ ನಿನಗೆ ಎಂದು ಒಮ್ಮೆ ಕೇಳಿದ್ದೆ. "ಬೇರೆ ಎಲ್ಲಾ ದಿನಾ ಕೆಲ್ಸ ಮಾಡುತ್ತೆ ಅತ್ತೆ, ಕೆಟ್ರೆ ಗೊತ್ತಾಗುತ್ತೆ. ಇದು ವರ್ಷಗಟ್ಲೆ ಮಲಗಿರುತ್ತೆ. ಒಂದೇ ಒಂದ್ಸಲ ಏಳ್ಬೇಕು, ಆಗ ಎದ್ದೇ ಏಳ್ಬೇಕು. ಅದನ್ನ ಯಾರಾದ್ರೂ ನೋಡ್ಕೋಬೇಕಲ್ಲ," ಅಂದಳು. ಮಲಗಿರುವುದರ ಮೇಲೆ ಇವಳಿಗಿರುವ ಕಾಳಜಿಯನ್ನು ಬೆಳಿಗ್ಗೆ ನನ್ನ ಮಗನ ಮೇಲೂ ತೋರಿಸಿದರೆ ಅವನು ಹೊತ್ತಿಗೆ ಸರಿಯಾಗಿ ಏಳುತ್ತಿದ್ದ.

ಒಂದು ದಿನ ಶೆಡ್ಡಿಗೆ ಬಿಳಿಯ ವ್ಯಾನೊಂದು ಬಂತು. ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ದು ವಾಪಸು ಬಿಡುವ ಗಾಡಿ. ಓಡಿಸುವವಳನ್ನು ವ್ಯಾನ್ ಸ್ಟ್ಯಾಂಡಿನವರು "ಅರ್ಧ ಟಿಕೆಟ್" ಎನ್ನುತ್ತಿದ್ದರು, ಅಷ್ಟು ಕುಳ್ಳಿ. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಬೆರಳು ಸವೆಯುವವರೆಗೆ ದುಡಿದು, ರಜೆಯ ದಿನಗಳಲ್ಲಿ ಡ್ರೈವಿಂಗ್ ಕಲಿತು, ಕೊನೆಗೂ ಸ್ಟೀರಿಂಗ್ ಹಿಂದೆ ಕೂತವಳು. ಜೊತೆಗೆ ಬಂದ ಮಾಲೀಕರು ಆಳೆತ್ತರದ ಮನುಷ್ಯ, ಕೈಗೊಂದು ಫೋನು.

"ಏರ್‌ಬ್ಯಾಗಿನ ಕೆಂಪು ದೀಪ ಉರಿಯುತ್ತೆ. ಇವಳು ಓಡಿಸಿದ್ರೆ ಮಾತ್ರ!" ಅಂದರು ಮಾಲೀಕರು. "ನಾನು ಕೂತ್ರೆ ಇಲ್ಲ, ಬೇರೆ ಡ್ರೈವರ್ ಕೂತ್ರೆ ಇಲ್ಲ. ದೊಡ್ಡ ವರ್ಕ್‌ಶಾಪಿನವರು ಎರಡು ಸಲ ನೋಡಿ, ಗಾಡೀಲಿ ಏನೂ ಇಲ್ಲ ಅಂದ್ರು. ಇವಳು ಏನೋ ಕಿತಾಪತಿ ಮಾಡ್ತಾಳೆ. ರೋಗಿಗಳ ಮನೆಯವರು ದೀಪ ನೋಡಿ ನನ್ನ ಜೀವ ತಿಂತಾರೆ."

"ನಾನು ಏನೂ ಮುಟ್ಟಲ್ಲ ಸಾರ್," ಅಂದಳು ಅರ್ಧ ಟಿಕೆಟ್. ಧ್ವನಿ ಸೋತಿತ್ತು.

"ನಾಳೆ ಸಂಜೆ ಬರ್ತೀನಿ. ಗಾಡೀಲಿ ದೋಷ ಇದ್ರೆ ಕಣ್ಣಾರೆ ತೋರಿಸಿ. ಇಲ್ದಿದ್ರೆ ಬೀಗದ ಕೈ ಬೇರೆಯವರಿಗೆ ಕೊಡ್ತೀನಿ, ಇವಳು ವಾಪಸ್ ಬಟ್ಟೆ ಒಗೆಯೋಕೆ ಹೋಗ್ಲಿ. ಅಥವಾ ದೀಪ ಆರಿಸಿಬಿಡಿ, ಸಾಕು. ಒಂದು ಡಮ್ಮಿ ಹಾಕಿದ್ರೆ ಆರುತ್ತಂತಲ್ಲ."

ಡಮ್ಮಿ ಎಂದರೆ ಬೆರಳುಗುರಿನಷ್ಟು ಚಿಕ್ಕ ತುಂಡು. ಅಪಘಾತವಾದಾಗ ಬೆಲ್ಟನ್ನು ಎಳೆದು ಬಿಗಿಮಾಡಲು ಅದರ ಕೊಂಡಿಯಲ್ಲಿ ಚಿಟಿಕೆಯಷ್ಟು ಸಿಡಿಮದ್ದು ಇರುತ್ತದಂತೆ. ಅದನ್ನು ಕಳಚಿ ಡಮ್ಮಿ ಸಿಕ್ಕಿಸಿದರೆ, ಗಾಡಿ ಎಲ್ಲ ಸರಿ ಇದೆ ಎಂದು ನಂಬುತ್ತದೆ. ಪರೀಕ್ಷೆ ಮಾಡುವಾಗ ಅಪಾಯವಿಲ್ಲದಿರಲಿ ಎಂದು ಇವಳೂ ಅದನ್ನೇ ಬಳಸುತ್ತಾಳೆ, ಕೆಲಸ ಮುಗಿದ ಮೇಲೆ ತೆಗೆದು ಅಸಲಿಯನ್ನೇ ಜೋಡಿಸುತ್ತಾಳೆ. ಅದನ್ನೇ ಒಳಗೆ ಬಿಟ್ಟು ಕಳಿಸು ಎಂದು ಯಾರಾದರೂ ಹೇಳಿದರೆ ಇವಳ ಪಿತ್ತ ನೆತ್ತಿಗೇರುತ್ತದೆ.

"ದೀಪದ ಬಾಯಿ ಮುಚ್ಚಿಸೋ ಕೆಲ್ಸ ನಾನು ಮಾಡಲ್ಲ ಸಾರ್. ದೋಷ ಗಾಡೀದೇ, ಇವಳದ್ದಲ್ಲ. ನಾಳೆ ಬನ್ನಿ, ತೋರಿಸ್ತೀನಿ," ಅಂದುಬಿಟ್ಟಳು. ಇನ್ನೂ ಬಾನೆಟ್ಟು ಕೂಡ ಎತ್ತಿರಲಿಲ್ಲ! ಮಾತು ಕೊಡುವುದರಲ್ಲಿ ಮಾತ್ರ ಅವಳಿಗೆ ಕಾಯುವ ಅಭ್ಯಾಸವಿಲ್ಲ.

ಮರುದಿನ ಬೆಳಿಗ್ಗೆಯಿಂದ ಅದೇ ಯುದ್ಧ. ಬ್ಯಾಟರಿ ಕಳಚಿ ಕಾದಳು, ಡಮ್ಮಿ ಸಿಕ್ಕಿಸಿದಳು, ಮತ್ತೆ ಬ್ಯಾಟರಿ ಜೋಡಿಸಿ, ಕೈಯಗಲದ ಸ್ಕ್ಯಾನರ್ ಹಚ್ಚಿದಳು. ಡ್ರೈವರ್ ಬದಿಯ ಬೆಲ್ಟಿನ ತಂತಿಯಲ್ಲಿ ಯಾವಾಗಲೋ ತೊಂದರೆಯಾಗಿತ್ತು ಎಂದಷ್ಟೇ ಅದು ಹೇಳಿತು. ಈಗೇನಾಗಿದೆ ಎಂದರೆ, ಏನೂ ಇಲ್ಲವಂತೆ. ಸೊಸೆ ಡ್ರೈವರ್ ಸೀಟಿನಲ್ಲಿ ಕೂತು ತಂತಿ ಅಲ್ಲಾಡಿಸಿದಳು, ಪ್ಲಗ್ಗು ತಟ್ಟಿದಳು, ಬಾಗಿಲು ದಬದಬ ಬಡಿದಳು. ದೀಪ ಮಾತ್ರ ಕೀಲಿ ತಿರುಗಿಸಿದಾಗ ಒಮ್ಮೆ ಉರಿದು, ಒಳ್ಳೆಯ ಹುಡುಗನ ಹಾಗೆ ಆರಿ ಸುಮ್ಮನಾಗುತ್ತಿತ್ತು. ಮಧ್ಯಾಹ್ನವಾಯಿತು. ಸೊಸೆಯ ಮುಖ ಸಪ್ಪೆಯಾಯಿತು. ಅರ್ಧ ಟಿಕೆಟ್ ನಮ್ಮ ಸ್ಟೂಲಿನ ಮೇಲೆ ತಲೆ ಮೇಲೆ ಕೈಹೊತ್ತು ಕೂತಿದ್ದಳು.

ನಾನು ಟೀ ತಂದೆ. ಆ ಹೆಣ್ಣಿನ ಮುಖ ನೋಡಿ ನನಗೆ ಆ ಮಾಲೀಕನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನಿಂತು ಬೈಯಲು ಮಂಡಿ ಬಿಡಲಿಲ್ಲ, ಸ್ಟೂಲಿನಲ್ಲಿ ಜಾಗವಿಲ್ಲ.

"ಇದರಲ್ಲಿ ಕೂತ್ರೆ ಸಿಡಿಯುತ್ತೇನೇ?" ಎಂದು ಸೊಸೆಯನ್ನು ಕೇಳಿದೆ.

"ಡಮ್ಮಿ ಹಾಕಿದೀನಿ, ಕೂತ್ಕೊಳ್ಳಿ ಅತ್ತೆ. ಏನೂ ಮುಟ್ಬೇಡಿ."

ಹಾಗೆ ನಾನು ಹುಟ್ಟಿದಾಗಿನಿಂದ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತೆ. ಕಾಲುಗಳು ಪೆಡಲಿಗೆ ಎಟುಕಲಿಲ್ಲ, ತೊಟ್ಟಿಲ ಮಗುವಿನ ಹಾಗೆ ಆಡುತ್ತಿದ್ದವು. ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಅರ್ಧ ಟಿಕೆಟ್ ನಕ್ಕಳು.

"ಅಮ್ಮ, ನೀವೂ ನನ್ನ ಜಾತೀನೇ! ಕೆಳಗೆ ಒಂದು ಹಿಡಿ ಇದೆ ನೋಡಿ, ಅದನ್ನ ಎತ್ತಿ ಮುಂದೆ ಬನ್ನಿ. ನಾನಂತೂ ಕೊನೇವರೆಗೂ ತಗೋತೀನಿ."

ಏನೂ ಮುಟ್ಟಬೇಡಿ ಎಂದಿದ್ದು ನೆನಪಿತ್ತು. ಆದರೆ ಸೊಸೆ ಹೇಳಿದ್ದನ್ನೆಲ್ಲ ಅತ್ತೆ ಕೇಳುವ ಕಾಲ ಇನ್ನೂ ಬಂದಿಲ್ಲ. ಹಿಡಿ ಎತ್ತಿ ಒಂದು ಜಗ್ಗು ಜಗ್ಗಿದೆ. ಸೀಟು ಸರ್ರನೆ ಜಾರಿ, ಮುಂದಿನ ತುದಿಗೆ ಹೋಗಿ ಟಕ್ಕನೆ ನಿಂತಿತು. ನನ್ನ ಕಣ್ಣೆದುರು ಕೆಂಪು ದೀಪ ಭಗ್ಗನೆ ಹೊತ್ತಿಕೊಂಡಿತು.

"ಅಯ್ಯೋ! ನಾನು ಕೆಡಿಸಿಬಿಟ್ಟೆ!"

ಸೊಸೆಯ ಕೈಯಲ್ಲಿದ್ದ ಟೀ ಲೋಟ ನೆಲಕ್ಕೆ ಬಿತ್ತು. "ಅತ್ತೆ, ಅಲ್ಲಾಡ್ಬೇಡಿ! ಉಸಿರೂ ಬಿಡ್ಬೇಡಿ!"

ಉಸಿರು ಬಿಡದೆ ಕೂತೆ. ಅವಳು ಸ್ಕ್ಯಾನರಿಗೆ ಮುಖ ಅಂಟಿಸಿಕೊಂಡಳು. "ಈಗ ಹಿಂದೆ ಹೋಗಿ." ಹೋದೆ. "ಮುಂದೆ ಬನ್ನಿ." ಬಂದೆ. "ಇನ್ನೊಂದ್ಸಲ ಹಿಂದೆ." ನಾನು ಮುಂದೆ ಬಂದಾಗಲೆಲ್ಲ ಅದರೊಳಗಿನ ಅಂಕಿ ಜಿಗಿಯುತ್ತಿತ್ತು, ಹಿಂದೆ ಹೋದಾಗ ತಣ್ಣಗಾಗುತ್ತಿತ್ತು. ಆಮೇಲೆ ನೋಡಬೇಕಿತ್ತು ನನ್ನ ಸೊಸೆಯನ್ನು. ಕೌಂಟರಿನಲ್ಲಿ ನಗಲಾಗದವಳು ಶೆಡ್ಡಿನ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಂಥಾ ಪೆದ್ದಿ ನಾನು! ಕೂತ ತಕ್ಷಣ ನಾನು ಮಾಡೋ ಮೊದಲ್ನೇ ಕೆಲ್ಸ ಏನು ಹೇಳಿ? ಸೀಟು ಹಿಂದಕ್ಕೆ ತಳ್ಳೋದು, ಕಾಲು ಉದ್ದ ಅಂತ. ದೊಡ್ಡ ವರ್ಕ್‌ಶಾಪಿನವರೂ ಅದನ್ನೇ ಮಾಡಿರ್ತಾರೆ, ಮಾಲೀಕರೂ ಅದನ್ನೇ ಮಾಡಿರ್ತಾರೆ. ಕಳ್ಳನ್ನ ಹಿಡಿಯೋಕೆ ಬಂದೋರೆಲ್ಲಾ ಮೊದ್ಲು ಹಿತ್ತಲ ಬಾಗಿಲು ತೆಗೆದು ಅವನನ್ನ ಕಳಿಸಿದ್ವಿ!"

ಬ್ಯಾಟರಿ ಕಳಚಿ ಕಾದು, ಸೀಟಿನ ಅಡಿಗೆ ಟಾರ್ಚು ಬಿಟ್ಟು ನನಗೂ ತೋರಿಸಿದಳು. ಬೆಲ್ಟಿನ ಕೊಂಡಿ ಸೀಟಿಗೇ ಅಂಟಿಕೊಂಡಿದ್ದರಿಂದ ಅದರ ತಂತಿಯೂ ಸೀಟಿನ ಜೊತೆ ಹಿಂದೆ ಮುಂದೆ ಓಡಾಡುತ್ತದೆ. ಅದನ್ನು ಹಿಡಿದಿಡುವ ಕ್ಲಿಪ್ಪೊಂದು ಯಾವಾಗಲೋ ಮುರಿದು, ತಂತಿ ಪಕ್ಕದ ಕಬ್ಬಿಣಕ್ಕೆ ಸಿಕ್ಕಿಕೊಂಡಿತ್ತು. ಸೀಟು ಕೊನೆಯವರೆಗೂ ಮುಂದೆ ಬಂದಾಗಲೆಲ್ಲ ಎಳೆದು ಎಳೆದು, ಮೇಲಿನ ಪದರ ನೆಟ್ಟಗಿದ್ದರೂ ಒಳಗಿನ ಎಳೆಗಳು ಹರಿದಿದ್ದವು. ಇದು ನನಗೆ ತಕ್ಷಣ ಅರ್ಥವಾಯಿತು. ತೋಳಿನ ಹೊಲಿಗೆಯೂ ಹೀಗೇ, ಹ್ಯಾಂಗರಿನಲ್ಲಿ ಚೆನ್ನಾಗಿರುತ್ತದೆ, ಕೈ ಎತ್ತಿದಾಗ ಬಾಯಿ ಬಿಡುತ್ತದೆ.

"ಟೇಪ್ ಸುತ್ತಿಬಿಡು," ಅಂದೆ.

"ಈ ತಂತಿಗೆ ಟೇಪ್ ಸುತ್ತೋ ಹಾಗಿಲ್ಲ ಅತ್ತೆ. ಹೊಸದೇ ಬೇಕು." ಕೋಲ್ಡ್ ಸ್ಟೋರೇಜಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ ನನ್ನ ಮಗನನ್ನು ಚಪ್ಪಲಿ ಬಿಡಲೂ ಬಿಡದೆ ಬಿಡಿಭಾಗಗಳ ಅಂಗಡಿಗೆ ಓಡಿಸಿದಳು. ಹೊಸ ತಂತಿ ಬಂತು. ಆದರೆ ಅದನ್ನು ಹಾಕಲಿಲ್ಲ. ಬ್ಯಾಟರಿ ಮಾತ್ರ ಮತ್ತೆ ಜೋಡಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಲೀಕರ ದಾರಿ ಕಾದಳು.

ಸಂಜೆ ಬಂದರು. "ಏನು, ಸಿಕ್ತಾ?"

"ನೀವೇ ಕೂತು ನೋಡಿ ಸಾರ್."

ಅವರು ಬಾಗಿಲು ತೆರೆದು, ಬಗ್ಗಿ, ಹಿಡಿ ಎತ್ತಿ ಸೀಟನ್ನು ಹಿಂದಕ್ಕೆ ತಳ್ಳಿ ಕೂತರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಕೀಲಿ ತಿರುಗಿಸಿದರು. ದೀಪ ಉರಿಯಿತು, ಆರಿತು. "ನೋಡಿ! ಎಲ್ಲಿದೆ ದೋಷ?"

"ಕೂರೋ ಮುಂಚೆ ಏನು ಮಾಡಿದ್ರಿ ಸಾರ್?"

"ಏನು ಮಾಡಿದೆ? ಸೀಟು ಸರಿಸ್ದೆ."

"ಈಗ ಇಳೀರಿ." ಸೊಸೆ ಅರ್ಧ ಟಿಕೆಟ್ಟನ್ನು ಕೂರಿಸಿದಳು. ಅವಳು ಸೀಟನ್ನು ತನ್ನ ಜಾಗಕ್ಕೆ ಎಳೆದುಕೊಂಡಳು. ದೀಪ ಹೊತ್ತಿಕೊಂಡಿತು. ಸೊಸೆ ಎಲ್ಲವನ್ನೂ ವಿವರಿಸಿ, ಟಾರ್ಚು ಅವರ ಕೈಗೇ ಕೊಟ್ಟಳು. ಅಷ್ಟು ದೊಡ್ಡ ಮನುಷ್ಯ ಮಂಡಿಯೂರಿ ಸೀಟಿನಡಿಗೆ ಇಣುಕಿದರು. ಒಂದು ಫೋನು ಹೊಡೆದುಕೊಳ್ಳುತ್ತಿತ್ತು, ಎತ್ತಲಿಲ್ಲ.

"ಅಂದ್ರೆ, ಎಲ್ಲಾದ್ರೂ ಅಪಘಾತ ಆಗಿದ್ರೆ…"

"ನೀವು ಓಡಿಸ್ತಿದ್ರೆ ಬೆಲ್ಟು ಬಿಗಿ ಆಗ್ತಿತ್ತು ಸಾರ್. ಬೇರೆ ಡ್ರೈವರ್ ಇದ್ರೂ ಆಗ್ತಿತ್ತು. ಇವಳಿಗೊಬ್ಳಿಗೇ ಆಗ್ತಿರ್ಲಿಲ್ಲ."

ಅರ್ಧ ಟಿಕೆಟ್ ಆ ಕೆಂಪು ದೀಪವನ್ನೇ ನೋಡುತ್ತಿದ್ದಳು. "ಇದು ನನ್ ಮೇಲೆ ಚಾಡಿ ಹೇಳ್ತಿದೆ ಅಂದ್ಕೊಂಡಿದ್ದೆ," ಅಂದಳು. "ನನ್ ಪರವಾಗಿ ಕೂಗ್ತಿತ್ತಲ್ಲ." ನನಗೆ ಕಣ್ಣು ತುಂಬಿ ಬಂತು. ಸೊಸೆಯ ಬಗ್ಗೆ ಅಂಥ ಹೆಮ್ಮೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಸೊಸೆ ಬ್ಯಾಟರಿ ಕಳಚಿ, ಕೈಕಟ್ಟಿ ಕೂತಳು. ಸ್ವಲ್ಪ ಹೊತ್ತಿಗೆ ಮಾಲೀಕರಿಗೆ ಚಡಪಡಿಕೆ ಶುರುವಾಯಿತು. "ತಂತಿ ಬಂದಿದೆಯಲ್ಲ, ಸುಮ್ನೆ ಯಾಕೆ ಕೂತಿದಾರೆ?" ಎಂದು ನನ್ನ ಕಡೆ ತಿರುಗಿದರು.

"ಇದೇ ಕೆಲ್ಸ!" ಅಂದೆ, ಗದರಿಸಿಯೇ ಅಂದೆ. "ಕರೆಂಟ್ ಇಳೀಬೇಕು. ನೀವೂ ಕೂತ್ಕೊಳ್ಳಿ." ಅವರು ತೆಪ್ಪಗೆ ಮೆಟ್ಟಿಲ ಮೇಲೆ ಕೂತರು. ಸೊಸೆ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು.

ಹೊಸ ತಂತಿ ಹಾಕಿ, ಹೊಸ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಡಮ್ಮಿ ತೆಗೆದು ಅಸಲಿ ಕೊಂಡಿಯನ್ನು ಜೋಡಿಸಿದಳು. ಬ್ಯಾಟರಿ ಮತ್ತೆ ಜೋಡಿಸಿ, ಸ್ಕ್ಯಾನರಿನಲ್ಲಿ ಹಳೆಯ ದೂರನ್ನು ಅಳಿಸಿದಳು. ಸೀಟನ್ನು ಮುಂದಿನ ತುದಿಗೆ ತಂದು, ಹೊರಗೆ ನಿಂತು ಕೈ ಚಾಚಿ ಕೀಲಿ ತಿರುಗಿಸಿದಳು. ದೀಪ ಉರಿಯಿತು. ನಾವೆಲ್ಲ ಅದರ ಮುಖವನ್ನೇ ನೋಡುತ್ತಾ ನಿಂತೆವು. ಆರಿತು. ನಾನು ಚಪ್ಪಾಳೆ ಹೊಡೆದೆ, ನನ್ನ ಮಗ ಶಿಳ್ಳೆ ಹಾಕಿದ.

"ತಡೀರಿ, ಒಂದು ರೌಂಡ್ ಓಡಿಸಿ ನೋಡ್ತೀನಿ," ಎಂದು ಮಾಲೀಕರು ಬಾಗಿಲ ಹತ್ತಿರ ಬಂದು, ಅಭ್ಯಾಸಬಲದಿಂದ ಬಗ್ಗಿ ಸೀಟಿನ ಹಿಡಿಗೆ ಕೈ ಹಾಕಿದರು.

"ಸಾರ್," ಅಂದಳು ಅರ್ಧ ಟಿಕೆಟ್. ಹಿಂದಿನ ದಿನದ ಆ ಸೋತ ಧ್ವನಿ ಎಲ್ಲಿ ಹೋಯಿತೋ. "ಸೀಟು ಸರಿಸ್ಬೇಡಿ. ಗಾಡಿ ನಾನು ಓಡಿಸ್ತೀನಿ."

ಅವರು ಹಿಡಿಯಿಂದ ಕೈ ತೆಗೆದರು. ಬೀಗದ ಕೈಯನ್ನು ಗಾಡಿಯಿಂದ ತೆಗೆದು ಅವಳ ಕಡೆ ಚಾಚಿ, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡರು.